ಒಳದಾರಿಯ ಬಸ್ಸು

ನಮ್ಮದು ಒಂದೇ ಒಂದು ಬಸ್ಸು. ಮಾಗಡಿಯಿಂದ ಹೊರಟು, ಒಳದಾರಿಯ ಮೂರು ಹಳ್ಳಿ ಸುತ್ತಿಕೊಂಡು ಸೋಲೂರಿಗೆ ಬಂದು, ಅಲ್ಲಿಂದ ಹೈವೇ ಹಿಡಿದು ನೆಲಮಂಗಲ ಮುಟ್ಟಿ ವಾಪಸು ಬರುತ್ತಿತ್ತು. ಅಪ್ಪ ಬಿಟ್ಟುಹೋದ ತೆಂಗಿನ ತೋಟ ಮನೆಗೆ ಸಾಕಾಗುತ್ತಿತ್ತು, ಆದರೆ ನನಗೆ ತೋಟದಲ್ಲಿ ಕೂರುವ ತಾಳ್ಮೆ ಇರಲಿಲ್ಲ. ರಾಮನಗರದಲ್ಲಿ ಓದು ಮುಗಿಸಿ ಬಂದವನು ಕೆಲಸ ಹುಡುಕುವ ಬದಲು ಹಳೇ ಚಿಕ್ಕ ಬಸ್ಸೊಂದನ್ನು ಕೊಂಡೆ. ಅದೇ ಸುಮಾರಿಗೆ ನನ್ನ ಜೊತೆ ಓದಿದ ಗೆಳೆಯನೂ ಒಂದು ಬಸ್ಸು ಇಳಿಸಿದ. ಅವನದು ಮಾಗಡಿ–ಕುಣಿಗಲ್ ಕಡೆಯ ದಾರಿ. ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಮಾಗಡಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಕಾಫಿ ಕುಡಿಯುವುದು, ಜಗಳ ಆಡುವುದು ವರ್ಷಗಟ್ಟಲೆ ನಡೆದುಬಂದಿತ್ತು.

ಜಗಳ ಯಾವಾಗಲೂ ರಾಜಕೀಯದ್ದೇ. ಗೆಳೆಯನ ಪ್ರಕಾರ ಸರ್ಕಾರದ ಕೆಲಸ ರಸ್ತೆ ಮಾಡಿಕೊಡುವುದಕ್ಕೆ ಮುಗಿಯಿತು. "ರೋಡ್ ಹಾಕ್ಬುಟ್ಟು ಪಕ್ಕಕ್ಕೆ ನಿಂತ್ಕಬೇಕು ಕಣ್ಲಾ. ಮಿಕ್ಕಿದ್ದು ನಾವ್ ನೋಡ್ಕೊತೀವಿ" ಅನ್ನುತ್ತಿದ್ದ. ಮನೆಗೆ ಬಂದರೆ ಇನ್ನೊಂದು ಕಡೆಯ ಪಾಠ. ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಗಾರ್ಮೆಂಟ್ಸ್ ಕೆಲಸಗಾರರ ಯೂನಿಯನ್ನಿನಲ್ಲಿ ಓಡಾಡುವವನು. ಬಸ್ಸು, ಆಸ್ಪತ್ರೆ, ಶಾಲೆ ಮೂರೂ ಸರ್ಕಾರದ ಕೈಯಲ್ಲೇ ಇರಬೇಕು, ಅದರಲ್ಲಿ ಲಾಭ ನೋಡುವುದೇ ತಪ್ಪು ಅನ್ನುವುದು ಅವನ ಮಾತು. ನನ್ನ ಬಸ್ಸಿನಲ್ಲೇ ಬಂದು, ನಮ್ಮ ಮನೆಯಲ್ಲೇ ಊಟ ಮಾಡಿ, ಇದನ್ನು ನನಗೇ ಹೇಳುತ್ತಿದ್ದ. ಟಿಕೆಟ್ಟನ್ನು ಮಾತ್ರ ತಪ್ಪದೆ ತೆಗೆದುಕೊಳ್ಳುತ್ತಿದ್ದ.

ನಾನು ಇಬ್ಬರಿಗೂ ಸೇರಿದವನಲ್ಲ. ಅಂಗಡಿ ಇಡುವವನು ಯಾರ ಕೈಕಾಲೂ ಹಿಡಿಯದೆ ಅಂಗಡಿ ಇಡುವಂತಿರಬೇಕು ಅಂತ ನನಗೆ ಅನ್ನಿಸುತ್ತದೆ. ಹಾಗೇ, ನಮ್ಮ ಇಬ್ಬರು ಕಂಡಕ್ಟರುಗಳಲ್ಲಿ ಒಬ್ಬನ ಮನೆಗೆ ರೇಷನ್ ಅಕ್ಕಿ ಬರುವುದನ್ನು ಕಂಡಾಗ, ಇದೊಂದು ಇಲ್ಲದಿದ್ದರೆ ಆ ಮನೆಯ ಮಕ್ಕಳು ಶಾಲೆ ಬಿಡುತ್ತಿದ್ದರು ಅಂತಲೂ ಅನ್ನಿಸುತ್ತದೆ. ವ್ಯಾಪಾರವೂ ಬೇಕು, ಸರ್ಕಾರವೂ ಬೇಕು ಅಂದರೆ ಇಬ್ಬರೂ ನಗುತ್ತಿದ್ದರು. ಗೆಳೆಯ ನನ್ನನ್ನು ಎಡಬಿಡಂಗಿ ಅನ್ನುತ್ತಿದ್ದ. ಬಾಮೈದ ಸ್ವಲ್ಪ ಮರ್ಯಾದೆಯಿಂದ, "ಭಾವ, ನೀವು ಇನ್ನೂ ತೀರ್ಮಾನ ಮಾಡಿಲ್ಲ" ಅನ್ನುತ್ತಿದ್ದ. ನಾನು ತೀರ್ಮಾನ ಮಾಡಿಯಾಗಿತ್ತು. ಎರಡೂ ಬೇಕು ಅನ್ನುವುದೂ ಒಂದು ತೀರ್ಮಾನ ಅಂತ ಅವರಿಗೆ ಅನ್ನಿಸುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಪುಕ್ಕಟೆ ಅಂತ ಆಯಿತು.

ಶುರುವಾದ ಬೆಳಿಗ್ಗೆ ನಾನೇ ಬಸ್ಸಿನಲ್ಲಿದ್ದೆ. ಸೋಲೂರು ಸ್ಟಾಪಿನಲ್ಲಿ ದಿನಾ ನಮ್ಮ ಬಸ್ಸಿಗೇ ಕಾಯುತ್ತಿದ್ದ ಹೆಂಗಸರು ಅಂದೂ ನಿಂತಿದ್ದರು. ಬಸ್ಸು ನಿಂತಿತು. ಯಾರೂ ಹತ್ತಲಿಲ್ಲ. ಒಬ್ಬಾಕೆ ನನ್ನ ಮುಖ ನೋಡಿ ಸಂಕೋಚದಿಂದ ನಕ್ಕು, "ನೀವು ವೋಗಿ ಅಣ್ಣ, ನಾವು ಇಂದ್ಗಡೆ ಬಸ್ಸಲ್ಲಿ ಬತ್ತೀವಿ" ಅಂದಳು. ಹಿಂದೆ ಸರ್ಕಾರದ ಕೆಂಪು ಬಸ್ಸು ಬರುತ್ತಿತ್ತು. ನಾನೂ ನಕ್ಕು ಕೈ ಎತ್ತಿದೆ. ಡ್ರೈವರ್ ಗೇರ್ ಹಾಕಿದ.

ಮನೆಗೆ ಬಂದರೆ ಹೆಂಡತಿ ಹೊರಡಲು ತಯಾರಾಗಿದ್ದಳು. ಅವಳ ತವರು ಚನ್ನಪಟ್ಟಣದ ಆಚೆ ವಿರೂಪಾಕ್ಷಿಪುರ. ಹಬ್ಬಕ್ಕೆ, ಮದುವೆಗೆ ಬಿಟ್ಟರೆ ಹೋಗುತ್ತಿರಲಿಲ್ಲ.

"ಆಧಾರ್ ಕಾರ್ಡ್ ಎಲ್ಲೈತೆ?" ಅಂತ ಬೀರುವಿನಲ್ಲಿ ಹುಡುಕುತ್ತಲೇ ಕೇಳಿದಳು.

"ಬಸ್ ಓನರ್ ಹೆಂಡ್ತಿ ನೀನು."

"ನಿಮ್ ಬಸ್ಸು ವಿರೂಪಾಕ್ಷಿಪುರಕ್ಕೆ ವೋಗ್ತದಾ?"

ಹೋಗುವುದಿಲ್ಲ. ನಾನೇ ಕಾರ್ಡು ಹುಡುಕಿ ಕೊಟ್ಟೆ. ಸಂಜೆ ಅವಳು ತಾಯಿಯನ್ನು ನೋಡಿಕೊಂಡು, ಒಂದು ಚೀಲ ಮಾವಿನಹಣ್ಣು ಹೊತ್ತು ವಾಪಸು ಬಂದಾಗ ಅವಳ ಮುಖದಲ್ಲಿದ್ದ ಹಗುರವನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. ಮನೆಯಲ್ಲಿ ಯಾರನ್ನೂ ದುಡ್ಡು ಕೇಳದೆ ಹೊರಟು, ಯಾರಿಗೂ ಲೆಕ್ಕ ಒಪ್ಪಿಸದೆ ತಿರುಗಿ ಬರುವುದು ಅವಳಿಗೆ ಅದೇ ಮೊದಲು ಅಂತ ನನಗೆ ಆಮೇಲೆ ಹೊಳೆಯಿತು.

ಬಸ್ಸು ಖಾಲಿಯಾಗುತ್ತಾ ಬಂತು. ಗಂಡಸರು ಬರುತ್ತಿದ್ದರು, ಆದರೆ ಹೆಂಡತಿ ಮಗಳ ಜೊತೆ ಹೊರಟವರು ಅವರ ಜೊತೆಯೇ ಸರ್ಕಾರಿ ಬಸ್ಸು ಹತ್ತುತ್ತಿದ್ದರು. ಗೆಳೆಯನಿಗೆ ಹೊಡೆತ ಇನ್ನೂ ಜೋರು. ಅವನ ದಾರಿ ಪೂರ್ತಿ ಸರ್ಕಾರಿ ಬಸ್ಸು ಓಡಾಡುವ ದಾರಿ. "ಪುಕ್ಕಟೆ ಕೊಡೋನ್ ಜೊತೆ ಯಾವನ್ಲಾ ವ್ಯಾಪಾರ ಮಾಡ್ತಾನೆ?" ಅಂತ ಹೋಟೆಲಿನಲ್ಲಿ ಮೇಜು ಕುಟ್ಟಿದ. ಅವನ ಮಾತಿನಲ್ಲಿ ನ್ಯಾಯವಿತ್ತು. ನಾವು ತೆರಿಗೆ ಕಟ್ಟಿ, ಪರ್ಮಿಟ್ ತೆಗೆದುಕೊಂಡು, ಡೀಸೆಲ್ ಹಾಕಿಸಿ ಓಡಿಸುವವರು. ಸರ್ಕಾರವೇ ಎದುರು ನಿಂತರೆ ಏನು ಮಾಡುವುದು?

ಆದರೆ ಇನ್ನೊಂದು ಕಡೆಯನ್ನೂ ನಾನು ಕಣ್ಣಾರೆ ನೋಡುತ್ತಿದ್ದೆ. ನಮ್ಮ ಬೀದಿಯಲ್ಲಿ ಗಂಡ ಸತ್ತ ಹೆಂಗಸೊಬ್ಬಳು ಸಕ್ಕರೆ ಕಾಯಿಲೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದವಳು ಮತ್ತೆ ಹೋಗತೊಡಗಿದಳು. ಹಿಂದಿನ ಬೀದಿಯ ಒಂದು ಮನೆಯ ಸೊಸೆ ನೆಲಮಂಗಲದ ಗಾರ್ಮೆಂಟ್ಸಿಗೆ ಸೇರಿದಳು. ಮುಂಚೆ ಬಸ್ ಚಾರ್ಜಿಗೇ ಸಂಬಳದ ಒಂದು ಪಾಲು ಹೋಗುತ್ತದೆ ಅಂತ ಅತ್ತೆ ಬೇಡ ಅಂದಿದ್ದಳಂತೆ. ಇದೆಲ್ಲ ನಿಲ್ಲಲಿ ಅಂತ ನನ್ನ ಬಾಯಿಂದ ಬರುವಂತಿರಲಿಲ್ಲ.

ಮಾಗಡಿಯ ಒಂದು ಕಲ್ಯಾಣ ಮಂಟಪದಲ್ಲಿ ಸುತ್ತಲಿನ ಬಸ್ ಓನರುಗಳು ಸಭೆ ಸೇರಿದರು. ಹೆಂಗಸರ ಫ್ರೀ ಪ್ರಯಾಣ ರದ್ದಾಗಬೇಕು ಅಂತ ಒಕ್ಕೊರಲಿನಿಂದ ಕೇಳುವುದು ಅಂತ ಇತ್ತು. ಓದಿದವನು ಅಂತ ಗೆಳೆಯ ನನ್ನನ್ನೇ ಮಾತಾಡಲು ಎಬ್ಬಿಸಿದ. ನಾನು ಮೈಕ್ ಹಿಡಿದು ಮನಸ್ಸಿನಲ್ಲಿದ್ದದ್ದನ್ನೇ ಹೇಳಿದೆ. ರದ್ದು ಮಾಡಿ ಅಂತ ಕೇಳೋದು ಬೇಡ. ಕೇಳಿದರೂ ಆಗುವುದಿಲ್ಲ, ಆಗಲೂಬಾರದು. ಸರ್ಕಾರಿ ಬಸ್ಸು ಹೋಗದ ಊರು ಎಷ್ಟೋ ಇವೆ. ಅಲ್ಲಿಗೆ ಹೋಗುತ್ತಿರುವವರು ನಾವು. ಆ ಊರಿನ ಹೆಂಗಸರೂ ನಮ್ಮ ಬಸ್ಸಿನಲ್ಲಿ ಪುಕ್ಕಟೆ ಓಡಾಡಲಿ, ಅವರ ಟಿಕೆಟ್ ಹಣ ಸರ್ಕಾರ ನಮಗೆ ಕೊಡಲಿ. ನಾವು ನಮ್ಮ ವ್ಯಾಪಾರ ಮಾಡೋಣ, ಅವರಿಗೆ ಸಿಗಬೇಕಾದ್ದೂ ಸಿಗಲಿ.

ಹಿಂದಿನ ಸಾಲಿನಿಂದ ಯಾರೋ, "ಇವ್ನ ಯಾರ್ ಕಳ್ಸಿದ್ದು?" ಅಂತ ಕೂಗಿದರು. ಇನ್ನೊಬ್ಬರು ಸರ್ಕಾರ ದುಡ್ಡು ಕೊಡುವುದು ಯಾವ ಕಾಲಕ್ಕೆ ಅಂತ ಕೇಳಿದರು. ಅದು ಸರಿಯಾದ ಪ್ರಶ್ನೆಯೇ. ಗೆಳೆಯ ನನ್ನ ಕೈಯಿಂದ ಮೈಕ್ ತೆಗೆದುಕೊಂಡ. ಸಭೆ ಮುಗಿದ ಮೇಲೆ ಅವನು ನನ್ನ ಜೊತೆ ಮಾತಾಡದೆ ಸ್ಕೂಟರ್ ಹತ್ತಿ ಹೋದ.

ಆ ಭಾನುವಾರ ಬಾಮೈದ ಬಂದ. ಸಭೆಯ ಸುದ್ದಿ ಅವನಿಗೆ ಮುಟ್ಟಿತ್ತು. ಅವನಾದರೂ ಮೆಚ್ಚಿಕೊಳ್ಳುತ್ತಾನೆ ಅಂದುಕೊಂಡಿದ್ದೆ.

"ಖಾಸಗಿಯವರಿಗೆ ಸರ್ಕಾರದ ದುಡ್ಡು ಕೊಡ್ಬೇಕು ಅಂದ್ರಂತೆ?" ಅಂದ. "ಇವತ್ತು ಮೂರು ಹಳ್ಳಿ, ನಾಳೆ ಇಡೀ ತಾಲ್ಲೂಕು. ಆಮೇಲೆ ಕೆಂಪು ಬಸ್ಸೇ ಇರಲ್ಲ ಭಾವ. ಸರ್ಕಾರಿ ಬಸ್ಸು ಹಾಕ್ಸಿ ಅಂತ ಕೇಳ್ಬೇಕಿತ್ತು ನೀವು."

"ಆ ರಸ್ತೇಲಿ ಅವರ ದೊಡ್ಡ ಬಸ್ಸು ತಿರುಗಲ್ವಲ್ಲ."

"ರಸ್ತೆ ಅಗಲ ಮಾಡ್ಲಿ."

ಹೆಂಡತಿ ಮುದ್ದೆ ಬಡಿಸುತ್ತಾ, "ಮೊದ್ಲು ಉಣ್ಣಿ, ಆಮ್ಯಾಕೆ ಅಗಲ ಮಾಡೀರಂತೆ" ಅಂದಳು. ಒಂದೇ ವಾರದಲ್ಲಿ ಎರಡು ಕಡೆಯವರಿಂದಲೂ ಬೈಸಿಕೊಂಡಿದ್ದೆ. ನನಗೆ ಬೇಸರಕ್ಕಿಂತ ಒಂಟಿತನ ಹೆಚ್ಚಾಯಿತು. ಮಧ್ಯದಲ್ಲಿ ನಿಂತವನ ಜೊತೆ ನಿಲ್ಲಲು ಯಾರೂ ಬರುವುದಿಲ್ಲ.

ಕೊನೆಗೆ ಡೀಸೆಲ್ಲಿಗೂ ಗಿಟ್ಟದೆ ಒಳದಾರಿ ಬಿಡುವುದು ಅಂತ ತೀರ್ಮಾನಿಸಿದೆ. ನೇರ ರಸ್ತೆಯಲ್ಲಿ ಹೋದರೆ ಗಂಡಸರಾದರೂ ಸಿಗುತ್ತಾರೆ. ಬರುವ ತಿಂಗಳಿಂದ ಬಸ್ಸು ಬರುವುದಿಲ್ಲ ಅಂತ ಕಂಡಕ್ಟರ್ ಮೂರೂ ಊರಿನಲ್ಲಿ ಹೇಳಿದ.

ಮಾರನೇ ದಿನವೇ ಅಲ್ಲಿನ ಹೆಂಗಸರು ನಮ್ಮ ಮನೆಗೆ ಬಂದರು. ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ಟ್ರಾಕ್ಟರಿನಲ್ಲಿ ಬಂದಿದ್ದರು. ಅವರಲ್ಲಿ ಗಾರ್ಮೆಂಟ್ಸಿಗೆ ಹೋಗುವ ಟೈಲರ್ ಒಬ್ಬಳು ಮುಂದೆ ನಿಂತಿದ್ದಳು.

"ಅಲ್ಲಣ್ಣ, ಫ್ರೀ ಬಸ್ಸು ನಮ್ಮೂರ್ಗೆ ಬರಕ್ಕಿಲ್ಲ. ನಿಮ್ಮ ಬಸ್ಸೂ ಬರ್ದೇವೋದ್ರೆ ನಾವೇನ್ ಆರ್ಕಂಡ್ ವೋಗ್ಬೇಕಾ?"

"ನಾನೇನ್ ಮಾಡ್ಲವ್ವ? ಸೋಲೂರು ಬಂದ ತಕ್ಷಣ ನೀವೇ ಇಳಿದು ಆ ಬಸ್ಸಿಗೆ ಹತ್ತುತೀರ."

"ಊಂ, ಅತ್ತುತೀವಿ" ಅಂದಳು ಅವಳು, ಒಂದಿಷ್ಟೂ ಮುಚ್ಚುಮರೆ ಇಲ್ಲದೆ. "ಫ್ರೀ ಐತಲ್ಲ, ಯಾಕ್ ಬುಡಾನ? ಆದ್ರೆ ಸೋಲೂರ್ ಗಂಟ ತಂದ್ಬುಡೋರು ಬೇಕಲ್ಲ. ಅದುಕ್ಕೆ ದುಡ್ಡು ಕೊಡಾಕಿಲ್ಲ ಅಂದ್ವಾ?"

ನನ್ನ ಹೆಂಡತಿ ಎಲ್ಲರಿಗೂ ಕಾಫಿ ತಂದಳು. ನಾನು ಕೂತು ಯೋಚಿಸಿದೆ. ಇಷ್ಟು ದಿನ ಹೈವೇಯಲ್ಲಿ ಕೆಂಪು ಬಸ್ಸಿನ ಜೊತೆ ಓಟಕ್ಕೆ ಬಿದ್ದಿದ್ದೆ. ಆ ಓಟದಲ್ಲಿ ಗೆಲ್ಲುವಂತಿಲ್ಲ. ಆದರೆ ಓಡಲೇಬೇಕು ಅಂತ ಯಾರು ಹೇಳಿದರು? ಬಸ್ಸನ್ನು ನೆಲಮಂಗಲಕ್ಕೆ ಕಳಿಸುವುದನ್ನೇ ನಿಲ್ಲಿಸಿ, ಮೂರು ಹಳ್ಳಿಯಿಂದ ಸೋಲೂರಿಗೆ, ಮಾಗಡಿಗೆ ಮಾತ್ರ ಓಡಿಸಿದರೆ? ಕೆಂಪು ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಜನರನ್ನು ಹೈವೇಗೆ ಮುಟ್ಟಿಸಿದರೆ? ದಾರಿ ಗಿಡ್ಡ, ಚಾರ್ಜೂ ಗಿಡ್ಡ, ಡೀಸೆಲ್ಲೂ ಕಡಿಮೆ. ಅದನ್ನೇ ಹೇಳಿದೆ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಪ್ಪಿದರು. ಆದರೆ ಲೆಕ್ಕ ಹಾಕಿ ನೋಡಿದರೆ ಆಗಲೂ ಒಸಿ ಕಡಿಮೆ ಬೀಳುತ್ತಿತ್ತು.

ಆ ಕಡಿಮೆಯನ್ನು ತುಂಬುವ ದಾರಿ ಹೊಳೆದದ್ದು ಬಾಮೈದನಿಗೆ. ಆ ಊರುಗಳಿಂದ ನೆಲಮಂಗಲದ ಒಂದೇ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುವವರು ಸಾಕಷ್ಟು ಜನ ಇದ್ದಾರೆ, ಬಸ್ಸು ನಿಂತರೆ ಅವರೆಲ್ಲ ಕೆಲಸ ಬಿಡುತ್ತಾರೆ, ಫ್ಯಾಕ್ಟರಿಯವರನ್ನೇ ಕೇಳೋಣ ಅಂದ. ಇಬ್ಬರೂ ಹೋದೆವು. ಮ್ಯಾನೇಜರು ಕೈಗಡಿಯಾರ ನೋಡುತ್ತಲೇ ಮಾತಿಗೆ ಕೂತರು.

"ಲೇಟಾಗಿ ಬಂದ್ರೆ ಹೊಲಿಗೆ ಲೈನ್ ನಿಲ್ಲುತ್ತೆ ನಮಗೆ" ಅಂದರು. "ಬಸ್ಸು ಟೈಮಿಗೆ ಬರೋ ಗ್ಯಾರಂಟಿ ಕೊಡ್ತೀರಾ?"

"ಕೆಂಪು ಬಸ್ಸಿಗೆ ಟೈಮಿಗೆ ಮುಟ್ಟಿಸೋದು ನನ್ನ ಜವಾಬ್ದಾರಿ" ಅಂದೆ. "ಅಲ್ಲಿಂದಾಚೆ ನನ್ನ ಕೈಲಿಲ್ಲ."

ಬಾಮೈದ ಮುಂದೆ ಬಾಗಿದ. "ಇವರ ಬಸ್ಸಿನ ಖರ್ಚು ನೀವು ಕೊಡಿ. ಹೆಣ್ಣುಮಕ್ಕಳ ಸಂಬಳದಲ್ಲಿ ಹಿಡ್ಕೋಬೇಡಿ."

ಮ್ಯಾನೇಜರು ಖರ್ಚಿನ ಅರ್ಧವನ್ನು ಸಂಬಳದಲ್ಲಿ ಹಿಡಿಯುತ್ತೇವೆ ಅಂದರು. ಬಾಮೈದ ಎದ್ದು ನಿಂತ. ಕೆಲಸ ಕೆಟ್ಟಿತು ಅಂತ ನಾನು ಅವನ ಅಂಗಿ ಹಿಡಿದು ಕೂರಿಸಿದೆ. ಹೊಸಬರನ್ನು ಸೇರಿಸಿ ಕಲಿಸುವುದಕ್ಕಿಂತ ಇದು ನಿಮಗೆ ಅಗ್ಗ ಅಲ್ಲವಾ ಅಂತ ಮ್ಯಾನೇಜರನ್ನು ಕೇಳಿದೆ. ಅವರು ಕ್ಯಾಲ್ಕುಲೇಟರ್ ಎಳೆದುಕೊಂಡರು. ಒಳಗೆ ಯಾರಿಗೋ ಫೋನ್ ಮಾಡಿದರು. ಆಮೇಲೆ ಒಂದು ವರ್ಷ ನೋಡೋಣ, ಸಂಬಳ ಮುಟ್ಟುವುದಿಲ್ಲ ಅಂದರು.

ಹೊರಗೆ ಬಂದು ತಟ್ಟೆ ಇಡ್ಲಿ ತಿನ್ನುವಾಗ ಬಾಮೈದ ಚಟ್ನಿ ನೋಡುತ್ತಾ, "ನಾನು ಮುಂದೆ ನಿಂತು ಖಾಸಗಿ ಬಸ್ಸಿಗೆ ಗುತ್ತಿಗೆ ಕೊಡಿಸಿದೆ ಅಂತ ನಮ್ಮೋರಿಗೆ ಹೇಳ್ಬೇಡಿ ಭಾವ" ಅಂದ. ನಾನು ಹೇಳಲಿಲ್ಲ. ಅವನೇ ಯೂನಿಯನ್ ಮೀಟಿಂಗಿನಲ್ಲಿ ತನ್ನ ಗೆಲುವು ಅಂತ ಹೇಳಿಕೊಂಡ ಅಂತ ಆ ಟೈಲರ್ ಹೆಂಗಸಿನಿಂದ ಗೊತ್ತಾಯಿತು.

ಪರ್ಮಿಟ್ಟಿನಲ್ಲಿ ದಾರಿ, ಟೈಮು ಬದಲಾಯಿಸಲು ರಾಮನಗರದ ಆರ್‌ಟಿಒ ಕಚೇರಿಗೆ ಬಹಳ ಅಲೆದೆ. ಪಂಚಾಯ್ತಿಯವರು ಜೊತೆಗೆ ಬಂದದ್ದರಿಂದ ಆಯಿತು. ಎಲ್ಲವೂ ಸುಖವಾಗಿ ಆಯಿತು ಅಂತ ಹೇಳಲಾರೆ. ಟ್ರಿಪ್ಪು ಗಿಡ್ಡವಾದಾಗ ಇಬ್ಬರು ಕಂಡಕ್ಟರುಗಳಲ್ಲಿ ಒಬ್ಬನನ್ನು ಬಿಡಬೇಕಾಯಿತು. ಅವನು ಈಗ ಸೋಲೂರಿನಲ್ಲಿ ಆಟೋ ಓಡಿಸುತ್ತಾನೆ. ಸಿಕ್ಕರೆ ಮಾತಾಡುತ್ತಾನೆ, ಆದರೆ ಮುಂಚಿನ ಸಲಿಗೆ ಇಲ್ಲ. ನಾನು ಸಭೆಯಲ್ಲಿ ಕೇಳಿದ್ದನ್ನು ಸರ್ಕಾರ ಕೊಡಲಿಲ್ಲ. ಫ್ಯಾಕ್ಟರಿಗೆ ಹೋಗುವವರನ್ನು ಬಿಟ್ಟರೆ ಮೂರು ಹಳ್ಳಿಯ ಹೆಂಗಸರು ಸೋಲೂರಿನವರೆಗೆ ಇನ್ನೂ ಕಾಸು ಕೊಟ್ಟೇ ಬರುತ್ತಾರೆ. ಸೋಲೂರಿನ ಹೆಂಗಸರಿಗೆ ಇರುವುದು ಅವರಿಗೆ ಪೂರ್ತಿ ಇಲ್ಲ. ಅದು ನ್ಯಾಯವಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಗೆಳೆಯ ಬಸ್ಸು ಮಾರಿದ. ಮಾರುವ ಮುಂಚೆ ಒಂದು ಬೆಳಿಗ್ಗೆ ಹೋಟೆಲಿನಲ್ಲಿ ಎದುರು ಬಂದು ಕೂತ. ತಿಂಗಳುಗಳ ನಂತರ ಆಡಿದ ಮೊದಲ ಮಾತು, "ಸರ್ಕಾರಿ ಬಸ್ಸಿಗೆ ಜನ ತುಂಬ್ಕೊಡಾಕೆ ನೀನ್ಯಾವಾಗ್ಲಾ ಏಜೆಂಟ್ ಆದೆ?" ನಾನು ನಕ್ಕೆ, ಅವನೂ ನಕ್ಕ. ಬಂದ ದುಡ್ಡಿನಲ್ಲಿ ಹೈವೇ ಪಕ್ಕ ಟೈರ್ ಅಂಗಡಿ ಇಟ್ಟಿದ್ದಾನೆ. ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಅಂಗಡಿ ಹಾಕಲು ಕಡಿಮೆ ಬಿದ್ದ ಹಣಕ್ಕೆ ಯಾವ ಸಾಲದ ಯೋಜನೆಯಲ್ಲಿ ಬಡ್ಡಿ ಕಡಿಮೆ ಅಂತ ವಿಚಾರಿಸಲು ಬ್ಯಾಂಕಿಗೆ ನನ್ನನ್ನೇ ಕರೆದುಕೊಂಡು ಹೋಗಿದ್ದ. ಅದು ಸರ್ಕಾರದ ಯೋಜನೆ ಅಂತ ನಾನು ಜ್ಞಾಪಿಸಲಿಲ್ಲ.

ಹೋದ ವಾರ ಆ ಟೈಲರ್ ಹೆಂಗಸು ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತು, ಕೊನೇ ಹಳ್ಳಿಯ ರಸ್ತೆ ಅಗಲ ಆಗುತ್ತದಂತೆ, ಚಿಕ್ಕ ಕೆಂಪು ಬಸ್ಸು ಬಿಡುತ್ತಾರಂತೆ, ಕೇಳಿದಿರಾ ಅಂದಳು. ಕೇಳಿದ್ದೆ.

"ಬುಟ್ರೆ ನಿಮಗೆ ಬೇಜಾರಾ ಅಣ್ಣ?"

"ಬೇಜಾರೇ" ಅಂದೆ. "ಆದ್ರೂ ಬರ್ಲಿ. ನಾನು ಇನ್ನೊಸಿ ಒಳಗಿನ ಊರು ನೋಡ್ಕೊತೀನಿ."

ಅವಳು ಕಿಟಕಿಯ ಆಚೆ ಕೈ ತೋರಿಸಿ, ಗುಡ್ಡದ ಹಿಂದೆ ತನ್ನ ಅಕ್ಕನ ಊರಿದೆ, ಅಲ್ಲಿಗೆ ಯಾವ ಬಸ್ಸೂ ಇಲ್ಲ, ರಸ್ತೆ ಮಾತ್ರ ಹೊಸದಾಗಿ ಆಗಿದೆ ಅಂದಳು. ಎಷ್ಟು ಮನೆ ಇವೆ, ಹಾಲು ಎಲ್ಲಿಗೆ ಹಾಕುತ್ತಾರೆ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಅಂತ ನಾನು ಕೇಳತೊಡಗಿದೆ.