ಇಸ್ತ್ರಿ ಮಾಮ

ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಇಸ್ತ್ರಿ ಮಾಮನ ಸುತ್ತ ಸದಾ ಬಿಳಿ ಹಬೆ. ಅದರೊಳಗಿಂದ ಮಾತು ಮೊದಲು ಬರುತ್ತದೆ, ಮುಖ ಆಮೇಲೆ. ಬಟ್ಟೆ ಬಿಡಿಸಿದರೆ ಸಾಕು, ಮನೆಮನೆಯ ಗುಟ್ಟು ಅವನಿಗೆ ಗೊತ್ತಾಗುತ್ತದೆ. ನನ್ನ ಅಂಗಿಯ ಹೆಗಲಲ್ಲಿ ಮಗು ಕಕ್ಕಿದ ಹಾಲಿನ ಕಲೆ ಕಂಡರೆ, “ಏನಕ್ಕಾ, ಪುಟ್ಟಿ ತೇಗೋಕ್ಕೆ ಮುಂಚೆ ಹೆಗಲ ಮೇಲೇ ಮಲಗಿಸಿಬಿಟ್ರಾ?” ಎನ್ನುತ್ತಾನೆ. ನನ್ನ ಬಟ್ಟೆ ಮಾತ್ರ ಒಯ್ದ ದಿನ, “ಯಜಮಾನ್ರ ಜೊತೆ ಠೂ ಬಿಟ್ರಾ?” ಯಾರಿಗೂ ಹೇಳಿದ ಹೊತ್ತಿಗೆ ಬಟ್ಟೆ ಕೊಟ್ಟವನಲ್ಲ, ಕೇಳಿದರೆ, “ಆಯ್ತು ಅನ್ಕೊಳ್ಳಿ” ಎಂಬುದೊಂದೇ ಉತ್ತರ. ಮೂರನೇ ಮಹಡಿಯ ದೊಡ್ಡಮ್ಮನ ಹತ್ತಿರ ಮಾತ್ರ ಈ ಆಟವಿಲ್ಲ. ಅವರ ಗಂಡ ತೀರಿಕೊಂಡು ವರ್ಷವಾಯಿತು. ಆದರೂ ಪ್ರತಿ ಸೋಮವಾರ ಆತನ ನೀಲಿ ಅಂಗಿ ಇಸ್ತ್ರಿಗೆ ಬರುತ್ತದೆ. ಅದರಲ್ಲಿ ಒಂದು ಸುಕ್ಕೂ ಇರುವುದಿಲ್ಲ. “ಹಾಗೇ ವಾಪಸ್ ಕೊಡಬಾರ್ದಾ ಮಾಮ?” ಎಂದೆ ನಿನ್ನೆ. ಅವನು ತುಟಿಯ ಮೇಲೆ ಬೆರಳಿಟ್ಟ. ದೊಡ್ಡಮ್ಮ ಇಳಿದು ಬರುವ ಸದ್ದು ಕೇಳಿದ ಮೇಲೆಯೇ ಆ ಅಂಗಿಯನ್ನು ಹಾಸಿ, ಎದೆಯ ಭಾಗದ ಮೇಲೆ ಎರಡು ಸಲ ಇಸ್ತ್ರಿ ಪೆಟ್ಟಿಗೆ ಎಳೆದ. ಅವರು ಆ ಬಿಸಿ ಅಂಗಿಯನ್ನು ಅಪ್ಪಿಕೊಂಡು, ಕೆನ್ನೆಗೆ ಒತ್ತಿಕೊಂಡು, ನಿದ್ದೆಯಲ್ಲಿ ನಡೆಯುವವರಂತೆ ಮೆಟ್ಟಿಲ ಕಡೆ ತಿರುಗಿದರು. “ಲಿಫ್ಟಲ್ಲಿ ಹೋಗಿ ತಾಯೀ,” ಮಾಮ ಕೂಗಿದ, “ತಣ್ಣಗಾಗಿಬಿಡುತ್ತೆ!”