ಎಡಗಣ್ಣಿಗೆ ಹಳದಿ, ಬಲಗಣ್ಣಿಗೆ ಬಿಳಿ

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದಿತ್ತು. ನಾನೂ ಗಿರಿಜತ್ತೆಯೂ ಚಿಕ್ಕಮಗಳೂರಿನಲ್ಲಿ ಬೆಳಗಿನ ಮೂಡಿಗೆರೆ ಬಸ್ ಹತ್ತಿದೆವು. ಸರ್ಕಾರಿ ಬಸ್ಸಾದ್ದರಿಂದ ಆಧಾರ್ ಕಾರ್ಡ್ ತೋರಿಸಿ ಇಬ್ಬರೂ ಉಚಿತ ಟಿಕೆಟ್ ಪಡೆದೆವು. ಹೋಗಬೇಕಾದ್ದು ಕಳಸಕ್ಕೆ, ಅತ್ತೆಯ ತಂಗಿ ವಿಮಲತ್ತೆಯ ಮನೆಗೆ. ಅಕ್ಕತಂಗಿಯರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಬರುತ್ತೇವೆಂದು ನಾವು ಫೋನ್ ಕೂಡ ಮಾಡಿರಲಿಲ್ಲ.

ಜಗಳಕ್ಕೆ ಕಾರಣ ಒಂದು ಸೀರೆ. ವಿಮಲತ್ತೆ ತಮ್ಮ ಮಗಳ ಮದುವೆಯಲ್ಲಿ ಅಕ್ಕನಿಗೆ ರೇಷ್ಮೆ ಸೀರೆ ಕೊಟ್ಟಿದ್ದರು. ಹಳದಿಗಟ್ಟಿದ ಹಳೇ ಸೀರೆಯನ್ನು ಟ್ರಂಕಿನಿಂದ ತೆಗೆದು ಕೊಟ್ಟಿದ್ದಾಳೆ ಎಂದು ಗಿರಿಜತ್ತೆ ನೆಂಟರೆದುರೇ ಅಂದುಬಿಟ್ಟರು. ಹೊಸ ಸೀರೆ ಎಂದು ಯಾರು ಹೇಳಿದರೂ ಕೇಳಲಿಲ್ಲ. ಕಳೆದ ತಿಂಗಳು ಅವರ ಬಲಗಣ್ಣಿನ ಪೊರೆ ತೆಗೆಸಿದೆವು. ಮೊನ್ನೆ ಬೀರು ತೆರೆದವರು ಅಲ್ಲೇ ನಿಂತುಬಿಟ್ಟರು. ಬಲಗಣ್ಣಿಗೆ ಆ ಸೀರೆ ಹಾಲಿನಂತೆ ಬೆಳ್ಳಗಿತ್ತು. ಪೊರೆಯಿರುವ ಎಡಗಣ್ಣಿನಲ್ಲಿ ನೋಡಿದರೆ ಅದೇ ಹಳದಿ. ಸೀರೆಯನ್ನು ಮಡಿಚಿ ಮಂಚದ ಮೇಲಿಟ್ಟು, ಕಳಸಕ್ಕೆ ಹೋಗೋಣ ಎಂದರು.

ಆ ಸೀರೆಯನ್ನೇ ಉಟ್ಟು ಹೊರಟಿದ್ದರು. ವಸ್ತಾರೆ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಕಾಫಿ ಹೂ, ಬಸ್ಸಿನೊಳಗೆಲ್ಲ ಪರಿಮಳ. ಅತ್ತೆ ಕಪ್ಪು ಕನ್ನಡಕ ತೆಗೆದು ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು. ಹೂ ಮೊದಲಿನಷ್ಟು ಬಿಳಿಯಿಲ್ಲ, ಔಷಧಿ ಹೊಡೆದು ಕೆಡಿಸಿದ್ದಾರೆ ಎಂದು ಅವರು ಕೆಲವು ವರ್ಷಗಳಿಂದ ಎಸ್ಟೇಟಿನವರನ್ನೆಲ್ಲ ಬೈಯುತ್ತಿದ್ದರು. ಎಡಗಣ್ಣಿಗೆ ಈಗಲೂ ಗಿಡಗಳ ಮೇಲೆ ಟೀ ಚೆಲ್ಲಿದ ಹಾಗೆ ಕಾಣುತ್ತಿತ್ತಂತೆ. ಎದುರಿಗಿದ್ದ ಮಧ್ಯವಯಸ್ಸಿನ ಕಂಡಕ್ಟರ್ ಈ ಕಣ್ಣು ಮುಚ್ಚಾಟವನ್ನು ಬೇರೆಯೇ ಅರ್ಥ ಮಾಡಿಕೊಂಡರು. ಮುಖ ಕೆಂಪಾಗಿ ಹಿಂಬಾಗಿಲಿಗೆ ಹೋದವರು ಮೂಡಿಗೆರೆವರೆಗೂ ಮುಂದೆ ಬರಲಿಲ್ಲ. ವಿಷಯ ಹೇಳಿದಾಗ ಅತ್ತೆ ಸೆರಗು ಬಾಯಿಗೊತ್ತಿ ನಕ್ಕರು.

ಮೂಡಿಗೆರೆಯಿಂದ ಖಾಸಗಿ ಬಸ್ಸು. ಕೊಟ್ಟಿಗೆಹಾರದಲ್ಲಿ ನಿಂತಾಗ ನೀರುದೋಸೆ ತಿಂದೆವು. ಜಾವಳಿ ಕಳೆದ ಮೇಲೆ ಮೋಡ ಕವಿಯಿತು, ತಿರುವುಗಳು ಹೆಚ್ಚಾದವು, ಅತ್ತೆಯ ಮಾತು ಕಡಿಮೆಯಾಯಿತು. ತಂಗಿ ಒಳಗೆ ಕರೆಯದಿದ್ದರೆ ಏನು ಮಾಡುವುದೆಂದು ಕೇಳಿದರು.

ವಿಮಲತ್ತೆ ಒಳಗೆ ಕರೆದರು. ಆದರೆ ಮಾತಾಡಿಸಿದ್ದು ನನ್ನನ್ನು ಮಾತ್ರ. ಗಿರಿಜತ್ತೆ ಕಾಫಿ ಲೋಟ ಮುಟ್ಟದೆ ಕಣ್ಣಿನ ಕಥೆಯನ್ನೆಲ್ಲ ಹೇಳಿ, ತಂಗಿಯ ಕೈ ಹಿಡಿದುಕೊಂಡರು.

"ತಪ್ಪಾಯ್ತು ಕಣೇ. ಇಷ್ಟು ಬೆಳ್ಳಗಿರೋ ಸೀರೆನ ಹಳೇದು ಅಂದೆ."

ವಿಮಲತ್ತೆ ಸೆರಗನ್ನು ಕಿಟಕಿಯ ಬೆಳಕಿಗೆ ಎಳೆದರು. "ಇದು ಬಿಳಿ ಅಲ್ಲ ಅಕ್ಕ. ಕೆನೆಬಣ್ಣ."

ಗಿರಿಜತ್ತೆ ನನ್ನ ಮುಖ ನೋಡಿದರು. ನಾನು ಹೌದೆಂದೆ. ಹೊಸ ಕಣ್ಣಿಗೆ ಸ್ವಲ್ಪ ಕಾಲ ಎಲ್ಲ ಹೆಚ್ಚು ಬೆಳ್ಳಗೆ ಕಾಣುತ್ತದೆಂದು ಡಾಕ್ಟರ್ ಹೇಳಿದ್ದರು. ಅತ್ತೆಯ ಸಂಭ್ರಮ ನೋಡಿ ತಿದ್ದಲು ನನಗೆ ಮನಸ್ಸಾಗಿರಲಿಲ್ಲ.

"ಭಾವ ತೀರಿಕೊಂಡ ವರ್ಷ ಅದು," ಎಂದರು ವಿಮಲತ್ತೆ. "ಬಿಳಿ ಕೊಟ್ರೆ ನಿಂಗೆ ನೋವಾಗುತ್ತೆ, ಬಣ್ಣದ್ದು ಕೊಟ್ರೆ ನೀನು ಉಡಲ್ಲ. ಅಂಗಡಿ ಅಂಗಡಿ ಸುತ್ತಿ ಇದನ್ನ ಹುಡುಕಿದ್ದೆ."

ಗಿರಿಜತ್ತೆಗೆ ಅಳು ತಡೆಯಲಾಗಲಿಲ್ಲ. ಎರಡು ಕಣ್ಣಿದ್ದೂ ಒಂದೂ ತನಗೆ ನಿಜ ಹೇಳಲಿಲ್ಲವಲ್ಲ ಎಂದರು. ಆಪರೇಶನ್ ಆದ ಕಣ್ಣಲ್ಲಿ ಅಳಬಾರದೆಂದು ಗದರಿದ ವಿಮಲತ್ತೆ ತಾವೂ ಮೂಗು ಒರೆಸಿಕೊಂಡರು. ಆರಿಹೋಗಿದ್ದ ಕಾಫಿಯನ್ನು ಮತ್ತೆ ಬಿಸಿ ಮಾಡಲು ಇಬ್ಬರೂ ಒಟ್ಟಿಗೇ ಎದ್ದರು. ಆಮೇಲೆ ರಾತ್ರಿ ಊಟದವರೆಗೂ ಅಡುಗೆಮನೆಯಲ್ಲಿ ನನಗೆ ಜಾಗವಿರಲಿಲ್ಲ.

ಮರುದಿನ ಬೆಳಿಗ್ಗೆ ವಿಮಲತ್ತೆಯೂ ಅವರ ಗಂಡ, ಮಾವನೂ ನಮ್ಮನ್ನು ಬಸ್ ಹತ್ತಿಸಲು ಬಂದರು. ಅತ್ತೆಯ ಎಡಗಣ್ಣಿನ ಆಪರೇಶನ್ ಮುಂದಿನ ವಾರ. ಡ್ರೈವರ್ ಬಸ್ ಸ್ಟಾರ್ಟ್ ಮಾಡಿದಾಗ ವಿಮಲತ್ತೆ ಮಾವನ ಕೈಯಲ್ಲಿದ್ದ ಚೀಲ ಕಿತ್ತುಕೊಂಡು ಹತ್ತಿ, ಅಕ್ಕನನ್ನು ಸರಿಸಿ ಪಕ್ಕದಲ್ಲಿ ಕೂತರು.

"ನಿಂಗೆ ಕಣ್ಣಿಗೆ ಔಷಧಿ ಬಿಡೋರು ಯಾರು ಮಾರಾಯ್ತಿ," ಎಂದರು.

ಆ ಚೀಲದಲ್ಲಿ ನಮಗೆ ಕೊಡುವ ಜೇನು, ಏಲಕ್ಕಿ ಇದೆ ಎಂದುಕೊಂಡಿದ್ದರಂತೆ ಮಾವ. ಯಾವತ್ತು ಬರುತ್ತೀಯೆಂದು ಅವರು ಕಿಟಕಿಯ ಹೊರಗಿನಿಂದ ಎರಡು ಸಲ ಕೇಳಿದರು. ಅಕ್ಕತಂಗಿಯರು ಆಗಲೇ ಮಾತಿಗೆ ಶುರುವಿಟ್ಟುಕೊಂಡಿದ್ದರು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಮಾವ ಬಸ್ ಸ್ಟ್ಯಾಂಡಿನಲ್ಲಿ ಖಾಲಿ ಕೈ ಅಗಲಿಸಿ, ನಗುತ್ತಾ ನಿಂತಿದ್ದರು.