ಚಿಗವ್ವ ಹಚ್ಚಿದ ಹಳ್ಳದ ದೀಪ

ಬೆಣ್ಣಿಹಳ್ಳದ ದಂಡೆಯಲ್ಲಿ, ನಮ್ಮೂರಿನ ಕಡೆ, ಒಂದು ಮೋಟು ಕಲ್ಲಿನ ಗೋಪುರವಿದೆ. ಎರಡಾಳೆತ್ತರ, ಬದಿಗೆ ಮೆಟ್ಟಿಲು, ಮೇಲೆ ದೀಪವಿಡಲು ಕಿಂಡಿ. ಯಾವ ಕಾಲದ್ದೆಂದು ಹಿರಿಯರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕತೆ. ನಮ್ಮಲ್ಲಿ ಮೋಡವೇ ಇರುವುದಿಲ್ಲ, ಮೇಲೆಲ್ಲೋ ಸುರಿದ ಮಳೆಗೆ ಹಳ್ಳ ಒಮ್ಮೆಲೇ ತುಂಬಿ ಬರುತ್ತದೆ. ಅದರ ಸುಳಿವು ಸಿಕ್ಕಾಗ ಮಾತ್ರ ಅಲ್ಲಿ ದೀಪ ಹಚ್ಚುವುದು. ದೀಪ ಕಂಡರೆ ಆಚೆಯವರು ಹಳ್ಳಕ್ಕೆ ಗಾಡಿ ಇಳಿಸುವುದಿಲ್ಲ.

ಎಂಬತ್ತರ ದಶಕದ ಆರಂಭ. ಅಕ್ಕನನ್ನು ನೋಡಲು ಆಚೆ ದಂಡೆಯ ಊರಿನಿಂದ ಗಂಡಿನವರು ಸಂಜೆ ಬರುವವರಿದ್ದರು. ಹಿಂದೆ ಎರಡು ಕಡೆ ಮಾತು ಮುರಿದಿತ್ತು. ಅವ್ವ ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಡಿಗೆಗೆ ನೆರವಾಗಲು ಅವ್ವನ ತಂಗಿ, ನಮ್ಮ ಚಿಗವ್ವ, ದೇವಿಕೊಪ್ಪದಿಂದ ಬಂದಿದ್ದಳು. ಮಧ್ಯಾಹ್ನ ಅವಳಿಗೆ ಗೋಪುರ ತೋರಿಸಿದೆ. ಮೆಟ್ಟಿಲೇರಿ ಕಿಂಡಿಯೊಳಗೆ ಕೈಯಾಡಿಸಿ, "ಅಯ್ಯ ಶಿವನ, ಎಣ್ಣಿ ಕಂಡು ಎಷ್ಟ ದಿನಾತೋ ಏನೋ, ಪಾಪ!" ಎಂದು ಮರುಗಿದಳು. ಅಲ್ಲಿ ದೀಪ ಉರಿದರೆ ಅಪಾಯ ಎಂದು ಬಿಡಿಸಿ ಹೇಳುವ ವಿಷಯವೇ ಅದು? ನಮ್ಮೂರ ಕೂಸಿಗೂ ಗೊತ್ತು.

ಸಂಜೆ ಗಂಡಿನವರು ಬರಲೇ ಇಲ್ಲ. ಒಗ್ಗರಣೆ ಚುರುಮುರಿ ಮೆತ್ತಗಾಯಿತು. ಅಕ್ಕ ಉಟ್ಟ ಹೊಸ ಸೀರೆಯಲ್ಲೇ ಗೋಡೆಗೊರಗಿದಳು. ದಂಡೆಗೆ ಹೋಗಿ ನೋಡಿದ ಅಪ್ಪ ಬೆಂಕಿಯಾಗಿ ಬಂದ. "ಯಾವಾಂವ ದೀಪ ಹಚ್ಚಿದಾಂವ? ಹಳ್ಳದಾಗ ಮೊಣಕಾಲ ನೀರಿಲ್ಲ! ಆಚಿ ದಂಡಿಮ್ಯಾಲ ಗಾಲಿ ಗುರುತ ಅದಾವ, ಗಾಡಿ ಬಂದು ತಿರಿಗಿ ಹೋಗೇತಿ!"

"ನಾನ ಹಚ್ಚೇನ್ರಿ ಮಾಮಾ," ಎಂದಳು ಚಿಗವ್ವ. "ಬೀಗರು ಬರೂ ಹಾದಿ ಕತ್ತಲಿರಬಾರದಂತ..."

ಅಪ್ಪ ದೀಪ ಆರಿಸಲು ದಂಡೆಗೆ ಹೊರಟ. ಅವ್ವ ಮಾತ್ರ ತಂಗಿಯನ್ನು ಬಿಡಲಿಲ್ಲ. "ನನ್ನ ಮಗಳ ಬಾಳಿಗೆ ಮಣ್ಣ ಹಾಕಿದಿ ನೋಡು!" ಚಿಗವ್ವ ಆ ರಾತ್ರಿ ಊಟ ಮಾಡಲಿಲ್ಲ. ನನಗೆ ಅವ್ವನ ಮೇಲೆ ಸಿಟ್ಟು ಬಂದಿತ್ತು.

ಬೆಳಿಗ್ಗೆ ಗಂಡಿನ ತಂದೆ ಒಬ್ಬರೇ ನಡೆದು ಬಂದರು. ಸಂಬಂಧ ಬೇಡ ಎನ್ನಲು ಬಂದರೆಂದೇ ತಿಳಿದೆ. ಯಾರೂ ಬಾಯಿ ತೆರೆಯುವ ಮೊದಲೇ ಚಿಗವ್ವ ಸೆರಗು ಹೊದ್ದು ಮುಂದೆ ಬಂದಳು.

"ತಪ್ಪ ನಂದರಿ. ಹಳ್ಳ ಬಂದಿರಲಿಲ್ಲ. ಗೊತ್ತಿಲ್ಲದ ಹಚ್ಚೇನಿ. ಹುಡುಗೀದೇನೂ ತಪ್ಪಿಲ್ಲರಿ."

ಗಂಡಿನ ತಂದೆ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತರು. "ನನ್ನ ತಮ್ಮ ಇದ ಹಳ್ಳದಾಗ ಹೋದ, ತಂಗಿ. ಅವತ್ತ ದೀಪ ಇರಲಿಲ್ಲ. ಹಿಂಗ ತಪ್ಪಿ ಹಚ್ಚೋರಾದ್ರೂ ಯಾರಾರ ಒಬ್ಬರು ಇದ್ದಿದ್ರ, ಅವ ಉಳೀತಿದ್ದ."

ಚಿಗವ್ವ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ಅವ್ವ ಹೋಗಿ ಅವಳ ಭುಜ ಹಿಡಿದಳು.

ಅವರು ಅಪ್ಪನ ಕಡೆ ತಿರುಗಿದರು. "ಮಂದೀನ ಗಾಡ್ಯಾಗ ಕೂಡ್ರಿಸೇ ಬಂದೇನ್ರಿ. ಆಚಿ ದಂಡಿಗೆ ನಿಂತಾರ. ಕರೀಲೇನು?"